ಒಡಲೊಳಗಿನ ಒಕ್ಕಲು

1882ನೇ ಇಸವಿಯ ಚಳಿಗಾಲ. ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದಲ್ಲಿ ಕಡಲಿಗೆ ಎದುರಾಗಿದ್ದ ಒಂದು ಮನೆ. ಮನೆಮಂದಿಯೆಲ್ಲ ಸರ್ಕಸ್ಸಿನ ವಾನರಗಳ ಆಟ ನೋಡಲು ಹೋಗಿದ್ದರು. ಒಳಗೆ ಒಬ್ಬನೇ ಉಳಿದಿದ್ದವನು ಮೂವತ್ತೇಳು ವರ್ಷದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್. ಒಡೆಸ್ಸಾ ವಿಶ್ವವಿದ್ಯಾನಿಲಯದ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದ ಆತ ನಕ್ಷತ್ರಮೀನಿನ ಮರಿಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟುಕೊಂಡು ನೋಡುತ್ತಿದ್ದ. ಗಾಜಿನಷ್ಟು ಪಾರದರ್ಶಕವಾದ ಆ ಮರಿಯ ಮೈಯೊಳಗೆ ಕೆಲವು ಜೀವಕೋಶಗಳು ಅಲ್ಲಿಂದಿಲ್ಲಿಗೆ ಹರಿದಾಡುತ್ತಿದ್ದವು.

ಇದ್ದಕ್ಕಿದ್ದಂತೆ ಅವನಿಗೊಂದು ಯೋಚನೆ ಹೊಳೆಯಿತು. ಹೊರಗಿನಿಂದ ಬಂದ ಕೇಡನ್ನು ಎದುರಿಸಲಿಕ್ಕೆಂದೇ ಈ ಕೋಶಗಳು ಹೀಗೆ ಓಡಾಡುತ್ತಿರಬಹುದೆ? ಹಾಗಿದ್ದರೆ ಮರಿಯ ಮೈಗೆ ಮುಳ್ಳು ಚುಚ್ಚಿದಾಗ ಅವು ಅಲ್ಲಿಗೆ ಧಾವಿಸಿ ಬರಬೇಕು. ನಮ್ಮ ಬೆರಳಿಗೆ ಸಿಬಿರು ಹೊಕ್ಕಾಗ ಕೀವು ಕಟ್ಟುತ್ತದಲ್ಲ, ಹಾಗೆ. ಮೆಚ್ನಿಕಾಫ್ ಮನೆಯ ಕೈತೋಟಕ್ಕೆ ಹೋಗಿ ಗುಲಾಬಿ ಗಿಡದ ಕೆಲವು ಮುಳ್ಳುಗಳನ್ನು ಕಿತ್ತು ತಂದು ಮರಿಗಳ ಚರ್ಮದೊಳಕ್ಕೆ ತೂರಿಸಿದ. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ನಸುಕಿನಲ್ಲಿ ಎದ್ದು ನೋಡಿದರೆ ಎಣಿಸಿದಂತೆಯೇ ಆಗಿತ್ತು. ಮುಳ್ಳಿನ ಸುತ್ತ ಆ ಕೋಶಗಳು ಮುತ್ತಿಗೆ ಹಾಕಿ ಕುಳಿತಿದ್ದವು.

ಲಸಿಕೆ ಎಂಬುದು ಆ ಹೊತ್ತಿಗೆ ಹೊಸದೇನಾಗಿರಲಿಲ್ಲ. ಎಡ್ವರ್ಡ್ ಜೆನ್ನರ್ 1796ರಲ್ಲೇ ಗೋವಿನ ಸಿಡುಬಿನ ಕೀವನ್ನು ಬಾಲಕನೊಬ್ಬನ ತೋಳಿಗೆ ಹಾಕಿದ್ದ. ಲೂಯಿ ಪಾಶ್ಚರ್ 1881ರಲ್ಲಿ ಕುರಿಗಳಿಗೆ ಆಂಥ್ರಾಕ್ಸ್ ಲಸಿಕೆ ಚುಚ್ಚಿ ಯೂರೋಪನ್ನು ಬೆರಗುಗೊಳಿಸಿದ್ದ. ಲಸಿಕೆ ಕೆಲಸ ಮಾಡುತ್ತದೆ ಎಂಬುದು ತಿಳಿದಿತ್ತು, ಒಡಲೊಳಗೆ ನಡೆಯುವುದೇನು ಎಂಬುದು ತಿಳಿದಿರಲಿಲ್ಲ. ಅದಕ್ಕೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಮೆಸ್ಸಿನಾದ ಆ ಮುಳ್ಳಿನ ತುದಿಯಲ್ಲಿ.

ಈ ಕೋಶಗಳಿಗೆ 'ಫ್ಯಾಗೊಸೈಟ್' ಎಂದು ಹೆಸರಾಯಿತು. ಭಕ್ಷಕ ಕೋಶಗಳು ಎಂದು ನಾವು ಕರೆಯಬಹುದು. ನಮ್ಮ ಬಿಳಿ ರಕ್ತಕಣಗಳಲ್ಲಿ ಹಲವು ಈ ಜಾತಿಯವು. ಅಂದಿನಿಂದ ಶಾಲೆಯ ಪಠ್ಯಪುಸ್ತಕಗಳಲ್ಲಿ ಒಂದು ಚಿತ್ರ ಅಚ್ಚೊತ್ತಿದಂತೆ ನಿಂತುಬಿಟ್ಟಿತು: ದೇಹವೊಂದು ಕೋಟೆ, ಸೂಕ್ಷ್ಮಜೀವಿಗಳು ಹೊರಗಿನ ವೈರಿಗಳು, ಬಿಳಿ ರಕ್ತಕಣಗಳು ಕಾವಲಿನ ಸೈನಿಕರು. ಈ ಚಿತ್ರ ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಿಜ. ಕೋಟೆಯೊಳಗೇ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಟ್ಟಿದಂದಿನಿಂದ ಒಕ್ಕಲಾಗಿವೆ, ಸೈನಿಕರು ಅವುಗಳ ತಂಟೆಗೆ ಹೋಗುವುದಿಲ್ಲ. ಏಕೆ? ಈ ಪ್ರಶ್ನೆಯನ್ನು ಸರಿಯಾಗಿ ಕೇಳಲಿಕ್ಕೇ ವಿಜ್ಞಾನಕ್ಕೆ ನೂರು ವರ್ಷ ಹಿಡಿಯಿತು.

ಹಲ್ಲಿನ ಸಂದಿಯ ಸಂತೆ

ಒಕ್ಕಲುಗಳನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ನಗರದ ಜವಳಿ ವ್ಯಾಪಾರಿ ಆಂಟನಿ ಲೇವನ್‌ಹುಕ್. ತಾನೇ ಉಜ್ಜಿ ತಯಾರಿಸಿದ ಮಸೂರದ ಕೆಳಗೆ ತನ್ನ ಹಲ್ಲಿನ ಸಂದಿಯ ಬಿಳಿಯ ಕಿಟ್ಟವನ್ನು ಇಟ್ಟು ನೋಡಿದ. ಅಲ್ಲಿ ಪುಟ್ಟ ಪುಟ್ಟ ಜೀವಿಗಳು ಸಂತೆಯ ಜನರಂತೆ ಓಡಾಡುತ್ತಿದ್ದವು. ತನ್ನ ಬಾಯೊಳಗಿರುವಷ್ಟು ಜೀವಿಗಳ ಸಂಖ್ಯೆಗೆ ತನ್ನ ದೇಶದ ಇಡೀ ಜನಸಂಖ್ಯೆಯೂ ಸಾಟಿಯಾಗದು ಎಂದು 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಅವನಿಗೆ ಅದರಿಂದ ಭಯವಾಗಲಿಲ್ಲ, ಸೋಜಿಗವಾಯಿತು.

ಭಯ ಹುಟ್ಟಿದ್ದು ಆಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಒಂದೊಂದೇ ರೋಗದ ಹಿಂದಿನ ಸೂಕ್ಷ್ಮಜೀವಿ ಬಯಲಾಗತೊಡಗಿತು. ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲಿ ಕ್ಷಯದ ರೋಗಾಣುವನ್ನು, ಮರುವರ್ಷ ಆರಂಭಿಸಿದ ಸಂಶೋಧನೆಯಲ್ಲಿ ಕಾಲರಾದ ರೋಗಾಣುವನ್ನು ತೋರಿಸಿಕೊಟ್ಟ. ಲಕ್ಷಾಂತರ ಜನ ಹುಳುಗಳಂತೆ ಸಾಯುತ್ತಿದ್ದ ಕಾಲ ಅದು. ಸೂಕ್ಷ್ಮಜೀವಿ ಎಂದರೆ ವೈರಿ ಎಂಬ ಮಾತು ಸಮಾಜದಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಅದೇ ದಿನಗಳಲ್ಲಿ ಮ್ಯೂನಿಕ್‌ನಲ್ಲಿ ಮಕ್ಕಳ ವೈದ್ಯ ಥಿಯೊಡರ್ ಎಷೆರಿಚ್ ಯಾರೂ ಇಷ್ಟಪಡದ ಕೆಲಸವೊಂದಕ್ಕೆ ಕೈಹಾಕಿದ್ದ. ಹಸುಗೂಸುಗಳ ಮಲವನ್ನು ದಿನದಿನವೂ ಪರೀಕ್ಷಿಸಿದ. ಹುಟ್ಟಿದ ಮಗುವಿನ ಮೊದಲ ಕಪ್ಪು ಮಲದಲ್ಲಿ ಅವನಿಗೆ ಸೂಕ್ಷ್ಮಜೀವಿಗಳು ಕಾಣಲಿಲ್ಲ. ಕೆಲವೇ ಗಂಟೆಗಳಲ್ಲಿ ಅವು ಕಾಣಿಸಿಕೊಂಡವು. ತಾಯಿಯ ಹಾಲು ಕುಡಿಯತೊಡಗಿದ ಮೇಲೆ ಅವುಗಳ ಬಗೆಯೇ ಬದಲಾಯಿತು. 1885ರಲ್ಲಿ ಅವನು ವಿವರಿಸಿದ ಒಂದು ಬ್ಯಾಕ್ಟೀರಿಯಾಕ್ಕೆ ಮುಂದೆ ಅವನ ಹೆಸರನ್ನೇ ಇಟ್ಟರು: ಎಷೆರಿಷಿಯ ಕೊಲೈ, ಅಂದರೆ ಇಂದಿನ ಎಲ್ಲ ಪ್ರಯೋಗಾಲಯಗಳ ಪರಿಚಿತ 'ಇ. ಕೊಲೈ'. ಆರೋಗ್ಯವಂತ ಮಗುವಿನ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ ಎಂಬುದು ಹೀಗೆ ದಾಖಲಾಯಿತು. ಆದರೆ ರೋಗಾಣುಗಳ ಬೇಟೆಯ ಗದ್ದಲದಲ್ಲಿ ಇದಕ್ಕೆ ಕಿವಿಗೊಟ್ಟವರು ಕಡಿಮೆ.

ಮೊಸರು ಮತ್ತು ಮುಪ್ಪು

ಮೆಚ್ನಿಕಾಫ್‌ನ ಭಕ್ಷಕ ಕೋಶಗಳಿಗೂ ಸುಲಭದಲ್ಲಿ ಮನ್ನಣೆ ಸಿಗಲಿಲ್ಲ. ಜರ್ಮನ್ ವಿಜ್ಞಾನಿಗಳು ರಕ್ಷಣೆಯ ಗುಟ್ಟು ರಕ್ತದ ದ್ರವದಲ್ಲಿದೆ ಎಂದು ವಾದಿಸಿದರು. 1890ರಲ್ಲಿ ಎಮಿಲ್ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ, ರೋಗವನ್ನು ಎದುರಿಸಿದ ಪ್ರಾಣಿಯ ರಕ್ತದ್ರವವನ್ನು ಇನ್ನೊಂದು ಪ್ರಾಣಿಗೆ ಚುಚ್ಚಿ ಅದನ್ನೂ ಕಾಪಾಡಬಹುದು ಎಂದು ತೋರಿಸಿದ್ದರು. ಆ ದ್ರವದಲ್ಲಿದ್ದವೇ ಪ್ರತಿಕಾಯಗಳು. ಕೋಶವೋ, ದ್ರವವೋ? ಎರಡು ಪಾಳೆಯಗಳ ನಡುವೆ ಇಪ್ಪತ್ತು ವರ್ಷ ಜಗಳ ನಡೆಯಿತು. ಫ್ರಾನ್ಸ್ ಮತ್ತು ಜರ್ಮನಿಗಳ ನಡುವಣ ಹಗೆಯೂ ಅದಕ್ಕೆ ತುಪ್ಪ ಸುರಿಯಿತು, ಏಕೆಂದರೆ 1888ರಿಂದ ಮೆಚ್ನಿಕಾಫ್ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ. ಕಡೆಗೆ ಪ್ರತಿಕಾಯಗಳು ರೋಗಾಣುವಿಗೆ ಅಂಟಿಕೊಂಡು ಭಕ್ಷಕ ಕೋಶಗಳ ಊಟವನ್ನು ಸಲೀಸು ಮಾಡುತ್ತವೆ ಎಂಬುದು ಗೊತ್ತಾಗಿ ಇಬ್ಬರ ಮಾತಿನಲ್ಲೂ ನಿಜವಿದೆಯೆಂದಾಯಿತು. 1908ರ ನೊಬೆಲ್ ಪ್ರಶಸ್ತಿಯನ್ನು ಮೆಚ್ನಿಕಾಫ್‌ಗೂ ಪ್ರತಿಕಾಯಗಳ ಪಾಳೆಯದ ಪಾಲ್ ಎರ್ಲಿಚ್‌ಗೂ ಹಂಚಿ ಕೊಡಲಾಯಿತು.

ಆ ಹೊತ್ತಿಗೆ ಮೆಚ್ನಿಕಾಫ್‌ನ ಮನಸ್ಸು ಬೇರೆ ಕಡೆ ಹರಿದಿತ್ತು. ಮನುಷ್ಯನಿಗೆ ಮುಪ್ಪು ಏಕೆ ಬರುತ್ತದೆ? ಅವನ ಉತ್ತರ: ದೊಡ್ಡ ಕರುಳಿನಿಂದ. ಅಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಆಹಾರವನ್ನು ಕೊಳೆಯಿಸಿ ವಿಷ ಉಂಟುಮಾಡುತ್ತವೆ, ಆ ವಿಷ ದಿನವೂ ಸ್ವಲ್ಪಸ್ವಲ್ಪವಾಗಿ ದೇಹವನ್ನು ಕೊಲ್ಲುತ್ತದೆ ಎಂದು ಅವನು ನಂಬಿದ. ಹುಳಿ ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳು ಈ ಕೊಳೆತವನ್ನು ತಡೆಯಬಲ್ಲವು. ಮೊಸರುಂಬ ಬಲ್ಗೇರಿಯದ ರೈತರು ದೀರ್ಘಾಯುಗಳಾಗಿರುವುದು ಅದಕ್ಕೇ ಎಂದು ವಾದಿಸಿದ. 1907ರಲ್ಲಿ ಅವನ ಪುಸ್ತಕ ಹೊರಬಂದ ಮೇಲೆ ಯೂರೋಪಿನಲ್ಲಿ ಮೊಸರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ತಲೆತಲಾಂತರದಿಂದ ರಾತ್ರಿ ಮಲಗುವ ಮುನ್ನ ಹಾಲಿಗೆ ಹೆಪ್ಪು ಹಾಕುತ್ತ ಬಂದಿರುವ ನಮ್ಮ ಅಜ್ಜಿಯರಿಗೆ ಈ ಸುದ್ದಿ ಕೇಳಿದ್ದರೆ ನಗು ಬರುತ್ತಿತ್ತೇನೋ.

ಒಳ್ಳೆಯ ಸೂಕ್ಷ್ಮಜೀವಿಯಿಂದ ಕೆಟ್ಟದ್ದನ್ನು ಓಡಿಸಬಹುದು ಎಂದ ಮೊದಲಿಗರಲ್ಲಿ ಮೆಚ್ನಿಕಾಫ್ ಒಬ್ಬ, ನಿಜ. ಆದರೆ ಕರುಳಿನ ಒಕ್ಕಲನ್ನು ಒಟ್ಟಾರೆ ಅನುಮಾನದಿಂದಲೇ ನೋಡಿದ. ದೊಡ್ಡ ಕರುಳು ಮನುಷ್ಯನಿಗೆ ಬೇಡದ ಅಂಗ ಎಂಬ ಅವನ ಮಾತು ಇತರರ ಕೈಯಲ್ಲಿ ಅಪಾಯಕಾರಿ ರೂಪ ತಾಳಿತು. ಲಂಡನ್ನಿನ ಪ್ರಖ್ಯಾತ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್ ಮಲಬದ್ಧತೆಯೆಂದು ಬಂದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದ. ಆ ರೋಗಿಗಳಲ್ಲಿ ಕೆಲವರು ಶಸ್ತ್ರಚಿಕಿತ್ಸೆಯಿಂದಲೇ ಸತ್ತರು. ಇಲಿಗೆ ಹೆದರಿ ಮನೆ ಸುಟ್ಟ ಕತೆ! ಒಂದು ತಪ್ಪು ಕಲ್ಪನೆ ಪುಸ್ತಕದಿಂದ ಶಸ್ತ್ರಚಿಕಿತ್ಸೆಯ ಮೇಜಿಗೆ ಬರಲು ಎಷ್ಟು ಕಡಿಮೆ ಕಾಲ ಸಾಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ. ದಿನವೂ ಹುಳಿ ಹಾಲು ಕುಡಿದ ಮೆಚ್ನಿಕಾಫ್ 1916ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ.

ಗಾಜಿನ ಗೂಡಿನ ಪ್ರಾಣಿಗಳು

ಸೂಕ್ಷ್ಮಜೀವಿಗಳೇ ಇಲ್ಲದ ಪ್ರಾಣಿ ಬದುಕೀತೆ? ಈ ಪ್ರಶ್ನೆಯನ್ನು 1885ರಲ್ಲೇ ಎತ್ತಿದವನು ಪಾಶ್ಚರ್. ಬದುಕಲಾರದು ಎಂಬುದು ಅವನ ಊಹೆ. ಹತ್ತು ವರ್ಷಗಳ ನಂತರ ಬರ್ಲಿನ್ನಿನಲ್ಲಿ ನಟಾಲ್ ಮತ್ತು ಟೀರ್‌ಫೆಲ್ಡರ್ ಎಂಬ ಇಬ್ಬರು ಗಿನಿ ಇಲಿಯ ಹೊಟ್ಟೆ ಕೊಯ್ದು ಮರಿ ತೆಗೆದು, ಸೂಕ್ಷ್ಮಜೀವಿರಹಿತ ಗೂಡಿನಲ್ಲಿಟ್ಟು, ಹಗಲೂ ರಾತ್ರಿ ಕುದಿಸಿದ ಹಾಲು ಕುಡಿಸುತ್ತ ಒಂದು ವಾರಕ್ಕೂ ಹೆಚ್ಚು ಕಾಲ ಉಳಿಸಿಕೊಂಡರು. ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ರೇನಿಯರ್ಸ್ ಉಕ್ಕಿನ ಪೆಟ್ಟಿಗೆಗಳಲ್ಲಿ ಇಂಥ ಇಲಿಗಳನ್ನು ತಲೆಮಾರುಗಳ ಕಾಲ ಸಾಕಿ ತೋರಿಸಿದ. ಪಾಶ್ಚರ್‌ನ ಊಹೆ ತಪ್ಪಾಗಿತ್ತು. ಬದುಕುವುದು ಸಾಧ್ಯವಿತ್ತು.

ಆದರೆ ಅದು ಎಂಥ ಬದುಕು? ಆ ಇಲಿಗಳಿಗೆ ಕೆ ಜೀವಸತ್ವವನ್ನು ಹೊರಗಿನಿಂದ ಕೊಡಬೇಕಾಗಿತ್ತು, ಏಕೆಂದರೆ ಸಾಮಾನ್ಯವಾಗಿ ಅದರ ಒಂದು ಭಾಗವನ್ನು ಒದಗಿಸುವುದು ಕರುಳಿನ ಬ್ಯಾಕ್ಟೀರಿಯಾಗಳು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆಯ ಚೀಲ ವಿಪರೀತ ಉಬ್ಬಿತ್ತು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದು. ಕರುಳಿನ ಗೋಡೆಯಲ್ಲಿ ರೋಗನಿರೋಧಕ ಕೋಶಗಳು ಗುಂಪಾಗಿ ಬೀಡುಬಿಡುವ ತಾಣಗಳಿವೆ. ಈ ಇಲಿಗಳಲ್ಲಿ ಅವು ಸೊರಗಿ ಹೋಗಿದ್ದವು. ರಕ್ತದಲ್ಲಿ ಪ್ರತಿಕಾಯಗಳು ತೀರ ಕಡಿಮೆಯಿದ್ದವು. ಗೂಡಿನಿಂದ ಹೊರತೆಗೆದರೆ ಸಣ್ಣ ಸೋಂಕಿಗೂ ತುತ್ತಾಗುತ್ತಿದ್ದವು. ಅಂದರೆ ಸೈನ್ಯವು ಹುಟ್ಟಿನಿಂದಲೇ ಸಿದ್ಧವಾಗಿ ಬರುವುದಿಲ್ಲ. ಅದು ಬೆಳೆಯುವುದು, ಕಸರತ್ತು ಕಲಿಯುವುದು ಒಕ್ಕಲುಗಳ ನಡುವೆ.

ಇದಕ್ಕೆ ತದ್ವಿರುದ್ಧವಾದ ಒಂದು ದುರಂತವೂ ನಡೆಯಿತು. 1971ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಡೇವಿಡ್ ಎಂಬ ಮಗುವನ್ನು ಹುಟ್ಟಿದೊಡನೆ ಪ್ಲಾಸ್ಟಿಕ್ಕಿನ ಗುಳ್ಳೆಯೊಳಗೆ ಇರಿಸಲಾಯಿತು. ಆತ ಹನ್ನೆರಡು ವರ್ಷ ಅದರೊಳಗೇ ಬೆಳೆದ. ತಾಯಿ ಮಗನನ್ನು ಮುಟ್ಟಬೇಕಾದರೂ ಗೋಡೆಗೆ ಜೋಡಿಸಿದ ರಬ್ಬರ್ ಗವಸಿನ ಮೂಲಕವೇ ಮುಟ್ಟಬೇಕು. 1983ರಲ್ಲಿ ಅಕ್ಕನ ಅಸ್ಥಿಮಜ್ಜೆಯನ್ನು ಅವನಿಗೆ ಕಸಿ ಮಾಡಿದರು. ಅದರೊಳಗೆ ಎಪ್‌ಸ್ಟೈನ್-ಬಾರ್ ಎಂಬ ವೈರಸ್ ಅಡಗಿ ಕುಳಿತಿತ್ತು. ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಇದು ಸದ್ದಿಲ್ಲದೆ ಇರುತ್ತದೆ. ರೋಗನಿರೋಧಕ ಕೋಶಗಳು ಅದನ್ನು ಹದ್ದುಬಸ್ತಿನಲ್ಲಿಟ್ಟಿರುತ್ತವೆ. ಡೇವಿಡ್‌ನಲ್ಲಿ ಆ ಹತೋಟಿಯಿರಲಿಲ್ಲ. ವೈರಸ್ ಕ್ಯಾನ್ಸರ್ ಗಡ್ಡೆಗಳನ್ನು ಎಬ್ಬಿಸಿತು. 1984ರ ಫೆಬ್ರುವರಿಯಲ್ಲಿ ಅವನು ಸತ್ತ. ನಾವು ಆರೋಗ್ಯ ಎಂದು ಕರೆಯುವುದು ಕ್ಷಣಕ್ಷಣವೂ ನಡೆಯುತ್ತಿರುವ ಒಂದು ಸಂಧಾನ ಎಂಬುದನ್ನು ಆ ಬಾಲಕನ ಸಾವು ವೈದ್ಯರಿಗೆ ಕಲಿಸಿತು.

ಮದ್ದಿನ ಮರುಹೊಡೆತ

ಎರಡನೆಯ ಮಹಾಯುದ್ಧದ ನಂತರ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಮೊದಲಾದ ಆಂಟಿಬಯೊಟಿಕ್ ಔಷಧಿಗಳು ಬಂದವು. ಇವು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಬಾಣಂತಿ ನಂಜು, ನ್ಯುಮೋನಿಯಾ, ಕ್ಷಯಗಳಿಂದ ಮನೆಮನೆಯಲ್ಲೂ ಸಾವು ಕಂಡ ತಲೆಮಾರಿಗೆ ಇವು ಪವಾಡದಂತೆ ತೋರಿದ್ದು ಸಹಜ. ಆದರೆ ಈ ಮದ್ದು ಕಳ್ಳನನ್ನೂ ಒಕ್ಕಲನ್ನೂ ಬೇರೆ ಮಾಡಿ ನೋಡುವುದಿಲ್ಲ.

1950ರ ದಶಕದಲ್ಲಿ ಶಿಕಾಗೊ ವಿಶ್ವವಿದ್ಯಾನಿಲಯದ ಮಾರ್ಜರಿ ಬಾನ್‌ಹಾಫ್ ಮತ್ತು ಫಿಲಿಪ್ ಮಿಲ್ಲರ್ ಒಂದು ಸರಳ ಪ್ರಯೋಗ ಮಾಡಿದರು. ಸಾಮಾನ್ಯ ಇಲಿಗೆ ಸಾಲ್ಮೊನೆಲ್ಲಾ ಸೋಂಕು ತಗಲಿಸಬೇಕಾದರೆ ಸುಮಾರು ಒಂದು ಲಕ್ಷ ಬ್ಯಾಕ್ಟೀರಿಯಾಗಳನ್ನು ನುಂಗಿಸಬೇಕಾಗಿತ್ತು. ಸ್ಟ್ರೆಪ್ಟೊಮೈಸಿನ್ ಕೊಟ್ಟ ಇಲಿಗೆ ಹತ್ತಕ್ಕಿಂತ ಕಡಿಮೆ ಸಾಕಾಯಿತು. ಕರುಳಿನ ಒಕ್ಕಲುಗಳು ಜಾಗ ಹಿಡಿದು, ಆಹಾರ ತಿಂದು, ಆಮ್ಲ ಉಂಟುಮಾಡಿ ಹೊಸಬರಿಗೆ ಕಾಲೂರಲು ಬಿಡದೆ ಇದ್ದವು. ಮದ್ದು ಅವುಗಳನ್ನು ಗುಡಿಸಿಹಾಕಿದ ಮೇಲೆ ಬಾಗಿಲು ಹಾರುಹೊಡೆದಂತಾಗಿತ್ತು.

ಆಸ್ಪತ್ರೆಗಳಲ್ಲಿ ಇದೇ ಕತೆ ಮನುಷ್ಯರ ಮೇಲೆ ನಡೆಯಿತು. ಆಂಟಿಬಯೊಟಿಕ್ ತೆಗೆದುಕೊಂಡ ಕೆಲವರಿಗೆ ನಿಲ್ಲದ ಭೇದಿ ಹತ್ತಿ ಕರುಳೇ ಹುಣ್ಣಾಗುತ್ತಿತ್ತು. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಇದರ ಕಾರಣವೆಂದು 1978ರಲ್ಲಿ ತಿಳಿಯಿತು. ಆದರೆ ಇಪ್ಪತ್ತು ವರ್ಷ ಮೊದಲೇ, 1958ರಲ್ಲಿ, ಅಮೆರಿಕದ ಡೆನ್ವರಿನ ಶಸ್ತ್ರವೈದ್ಯ ಬೆನ್ ಐಸ್‌ಮನ್ ಇಂಥ ನಾಲ್ವರು ರೋಗಿಗಳಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಎನಿಮಾ ಮೂಲಕ ಕೊಟ್ಟಿದ್ದ. ನಾಲ್ವರೂ ಚೇತರಿಸಿಕೊಂಡಿದ್ದರು. ಓದುಗರು ಮೂಗು ಮುಚ್ಚಿಕೊಳ್ಳಬಹುದು. ಅಂದಿನ ವೈದ್ಯರೂ ಮುಚ್ಚಿಕೊಂಡರು. 2013ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಇದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ವ್ಯಾಂಕೊಮೈಸಿನ್ ಔಷಧಿಯಷ್ಟನ್ನೇ ಪಡೆದ 13 ರೋಗಿಗಳಲ್ಲಿ ಗುಣವಾದವರು ನಾಲ್ವರು. ಮಲದ ಒಕ್ಕಲುಗಳನ್ನು ಪಡೆದ 16 ಮಂದಿಯಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು. ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಒಂದು ಎಚ್ಚರಿಕೆಯ ಮಾತೂ ಇದೆ. 2019ರಲ್ಲಿ ಅಮೆರಿಕದಲ್ಲಿ ದಾನಿಯ ಮಲದಲ್ಲಿದ್ದ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ಒಬ್ಬ ರೋಗಿ ಸತ್ತ. ಇದು ಮನೆಮದ್ದಲ್ಲ.

ಗುರುತು ಹಿಡಿಯುವ ವಿದ್ಯೆ

ಈಗ ಮೂಲ ಪ್ರಶ್ನೆಗೆ ಬರೋಣ. ಕಾವಲುಗಾರನಿಗೆ ವೈರಿ ಯಾರು, ಒಕ್ಕಲು ಯಾರು ಎಂದು ಗೊತ್ತಾಗುವುದು ಹೇಗೆ?

ತನ್ನದನ್ನು ಬಿಟ್ಟು ಪರಕೀಯವಾದದ್ದನ್ನೆಲ್ಲ ರೋಗನಿರೋಧಕ ವ್ಯವಸ್ಥೆ ಹೊಡೆಯುತ್ತದೆ ಎಂಬುದು ಬಹುಕಾಲ ನಡೆದುಬಂದ ಉತ್ತರ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಜೇನ್‌ವೇ 1989ರಲ್ಲಿ ಇದರ ಮರ್ಮಕ್ಕೆ ಕೈಯಿಟ್ಟರು. ಶುದ್ಧ ಪ್ರೋಟೀನೊಂದನ್ನು ಲಸಿಕೆಯಾಗಿ ಚುಚ್ಚಿದರೆ, ಅದು ಪರಕೀಯವಾದರೂ, ದೇಹ ಹೆಚ್ಚೇನೂ ಪ್ರತಿಕ್ರಿಯಿಸುವುದಿಲ್ಲ. ಜೊತೆಗೆ ಸತ್ತ ಬ್ಯಾಕ್ಟೀರಿಯಾದಂಥದ್ದನ್ನು ಬೆರೆಸಿದರೆ ಮಾತ್ರ ಎಚ್ಚೆತ್ತುಕೊಳ್ಳುತ್ತದೆ. ಇದು ತಮ್ಮ ಶಾಸ್ತ್ರದವರು ಮುಚ್ಚಿಟ್ಟುಕೊಂಡ ಕೊಳಕು ಗುಟ್ಟು ಎಂದು ಅವರು ಹೇಳಿದರು. ಹಾಗಾದರೆ ಬ್ಯಾಕ್ಟೀರಿಯಾಗಳ ಸಾಮಾನ್ಯ ಚಹರೆಯನ್ನು ಗುರುತಿಸುವ ಏರ್ಪಾಡು ನಮ್ಮ ಕೋಶಗಳಲ್ಲಿ ಹುಟ್ಟಿನಿಂದಲೇ ಇರಬೇಕು ಎಂಬುದು ಅವರ ತರ್ಕ. 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಹಣ್ಣುನೊಣಗಳಲ್ಲಿ 'ಟೋಲ್' ಎಂಬ ಜೀನ್ ಕೆಟ್ಟರೆ ಅವು ಬೂಷ್ಟು ಹಿಡಿದು ಸಾಯುತ್ತವೆ ಎಂದು ತೋರಿಸಿದರು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಇಲಿಗಳಲ್ಲಿ ಅಂಥದೇ ಗ್ರಾಹಕವನ್ನು ಕಂಡರು. ಅದು ಬ್ಯಾಕ್ಟೀರಿಯಾದ ಹೊರಕವಚದ ಒಂದು ವಸ್ತುವನ್ನು ಗುರುತು ಹಿಡಿಯುತ್ತಿತ್ತು. ಇಬ್ಬರಿಗೂ 2011ರಲ್ಲಿ ನೊಬೆಲ್ ಬಂತು. ಜೇನ್‌ವೇ 2003ರಲ್ಲೇ ತೀರಿಕೊಂಡಿದ್ದರು.

ಆದರೆ ಇದರಿಂದ ಒಗಟು ಇನ್ನಷ್ಟು ಬಿಗಿಯಾಯಿತು. ಒಕ್ಕಲು ಬ್ಯಾಕ್ಟೀರಿಯಾಕ್ಕೂ ವೈರಿ ಬ್ಯಾಕ್ಟೀರಿಯಾಕ್ಕೂ ಹೊರಕವಚ ಒಂದೇ ಬಗೆಯದು. ಚಹರೆ ನೋಡಿ ಹೊಡೆಯುವುದಾದರೆ ಕರುಳಿನಲ್ಲಿ ದಿನವೂ ಯುದ್ಧವೇ ನಡೆಯಬೇಕಾಗಿತ್ತು.

ನಡೆಯದಿರುವುದಕ್ಕೆ ಕಾರಣಗಳು ಹಲವು. ಮೊದಲನೆಯದು ಅಂತರ. ಕರುಳಿನ ಒಳಗೋಡೆ ಒಂದೇ ಸಾಲು ಕೋಶಗಳಷ್ಟು ತೆಳ್ಳಗಿದೆ. ಅದರ ಮೇಲೆ ಲೋಳೆಯ ಹೊದಿಕೆಯಿದೆ. ದೊಡ್ಡ ಕರುಳಿನಲ್ಲಿ ಈ ಲೋಳೆಗೆ ಎರಡು ಪದರ: ಹೊರಪದರದಲ್ಲಿ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿರುತ್ತವೆ, ದಟ್ಟವಾದ ಒಳಪದರದೊಳಕ್ಕೆ ಅವುಗಳಿಗೆ ಪ್ರವೇಶವಿಲ್ಲ. ಎರಡನೆಯದು, ಕರುಳು ದಿನಕ್ಕೆ ಕೆಲವು ಗ್ರಾಂಗಳಷ್ಟು 'ಐಜಿಎ' ಎಂಬ ಪ್ರತಿಕಾಯವನ್ನು ಒಸರುತ್ತದೆ. ಇದು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಅವು ಗೋಡೆಗೆ ತಾಗದಂತೆ ತಡೆಯುತ್ತದೆ, ಉರಿಯೂತ ಎಬ್ಬಿಸುವುದಿಲ್ಲ. ಬೇಲಿ ಹಾಕಿದ ಹೊಲದಲ್ಲಿ ದನ ಮೇಯಲು ಬಿಟ್ಟಂತೆ. ಮೂರನೆಯದು, ರೋಗನಿರೋಧಕ ಕೋಶಗಳಲ್ಲೇ ಶಾಂತಿ ಕಾಯುವ ಒಂದು ಪಂಗಡವಿದೆ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇದನ್ನು ಗುರುತಿಸಿದರು. 2025ರಲ್ಲಿ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಂದಿಗೆ ನೊಬೆಲ್ ಪಡೆದರು. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಈ ಶಾಂತಿಪಾಲಕ ಕೋಶಗಳ ಸಂಖ್ಯೆಯನ್ನು ಹೆಚ್ಚಿಸುತ್ತವೆ ಎಂದು ಜಪಾನಿನ ಸಂಶೋಧಕರೇ 2011ರಲ್ಲಿ ಇಲಿಗಳಲ್ಲಿ ತೋರಿಸಿದರು. ನಾವು ಜೀರ್ಣಿಸಲಾರದ ನಾರನ್ನು ಬ್ಯಾಕ್ಟೀರಿಯಾಗಳು ಹುಳಿಯಿಸಿದಾಗ ಹುಟ್ಟುವ ಬ್ಯೂಟಿರೇಟ್ ಎಂಬ ಆಮ್ಲಕ್ಕೂ ಇದರಲ್ಲಿ ಪಾಲಿದೆ.

ಗ್ರಾಹಕಗಳ ಕತೆಗೂ ತಿರುವು ಬಂತು. 2004ರಲ್ಲಿ ರುಸ್ಲನ್ ಮೆಡ್ಜಿಟೊವ್ ಮತ್ತವರ ಸಂಗಡಿಗರು ಟೋಲ್ ಬಗೆಯ ಗ್ರಾಹಕಗಳು ಕೆಲಸ ಮಾಡದ ಇಲಿಗಳ ಕರುಳಿಗೆ ಗಾಯ ಮಾಡಿ ನೋಡಿದರು. ಅವುಗಳ ಗಾಯ ಬೇರೆ ಇಲಿಗಳಿಗಿಂತ ಉಲ್ಬಣಿಸಿತು. ಒಕ್ಕಲುಗಳ ಚಹರೆ ಕಂಡು ಕರುಳಿನ ಕೋಶಗಳು ತಮ್ಮನ್ನು ತಾವು ದುರಸ್ತಿ ಮಾಡಿಕೊಳ್ಳುತ್ತವೆ ಎಂದಾಯಿತು. ವೈರಿಯನ್ನು ಹಿಡಿಯುವ ಕಣ್ಣೆಂದು ತಿಳಿದದ್ದು ನೆರೆಯವರನ್ನು ಮಾತಾಡಿಸುವ ಕಣ್ಣೂ ಆಗಿತ್ತು.

ಈ ಒಕ್ಕಲುಗಳೆಷ್ಟು? ನಮ್ಮ ಕೋಶಗಳ ಹತ್ತು ಪಟ್ಟು ಎಂಬ ಮಾತು ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ದಾಟಿ ಬಂತು. 2016ರಲ್ಲಿ ಇಸ್ರೇಲಿನ ವೈಸ್‌ಮನ್ ಸಂಸ್ಥೆಯವರು ಮತ್ತೆ ಲೆಕ್ಕ ಹಾಕಿದರು. ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು, 30 ಲಕ್ಷ ಕೋಟಿ ಮಾನವ ಕೋಶಗಳು. ಹೆಚ್ಚು ಕಡಿಮೆ ಸರಿಸಮ. ಬ್ಯಾಕ್ಟೀರಿಯಾಗಳ ಒಟ್ಟು ತೂಕ ಕಾಲು ಕಿಲೋಗಿಂತಲೂ ಕಡಿಮೆ.

ಹಟ್ಟಿಯ ಧೂಳು

1989ರಲ್ಲಿ ಇಂಗ್ಲೆಂಡಿನ ಡೇವಿಡ್ ಸ್ಟ್ರಾಚನ್ 17,414 ಮಕ್ಕಳ ದಾಖಲೆ ಪರಿಶೀಲಿಸಿ, ಅಣ್ಣ ಅಕ್ಕಂದಿರು ಹೆಚ್ಚಿರುವ ಮಕ್ಕಳಿಗೆ ಪರಾಗದಿಂದ ಬರುವ ಅಲರ್ಜಿ ನೆಗಡಿ ಕಡಿಮೆ ಎಂದು ಕಂಡರು. ಎಳವೆಯಲ್ಲಿ ಹಂಚಿಕೊಂಡ ಸೋಂಕುಗಳು ಕಾಪಾಡುತ್ತಿರಬಹುದೆ ಎಂದು ಕೇಳಿದರು. ಅದೇ ವರ್ಷ ಬರ್ಲಿನ್ ಗೋಡೆ ಉರುಳಿತು. ಜರ್ಮನಿಯ ವೈದ್ಯೆ ಎರಿಕಾ ಫಾನ್ ಮ್ಯೂಟಿಯಸ್ ಹೊಗೆ ತುಂಬಿದ ಪೂರ್ವ ಜರ್ಮನಿಯಲ್ಲೇ ಆಸ್ತಮಾ ಹೆಚ್ಚಿರಬೇಕೆಂದು ಹುಡುಕಹೊರಟರು. ಅಲ್ಲಿ ಕಡಿಮೆಯಿತ್ತು.

2016ರ ಅಮೆರಿಕದ ಒಂದು ಅಧ್ಯಯನ ಇದಕ್ಕೆ ಬೆಳಕು ಚೆಲ್ಲಿತು. ಆಮಿಷ್ ಮತ್ತು ಹಟರೈಟ್ ಎಂಬ ಎರಡು ರೈತ ಪಂಥಗಳು ಮೂಲದಲ್ಲಿ ಹತ್ತಿರದವು, ಊಟ ಉಡುಗೆಯಲ್ಲೂ ಸಮಾನರು. ಆಮಿಷರದು ಮನೆಗೆ ಅಂಟಿಕೊಂಡ ಹಟ್ಟಿ, ಕುದುರೆ ಬೇಸಾಯ. ಹಟರೈಟರದು ದೊಡ್ಡ ಯಂತ್ರಗಳ ಬೇಸಾಯ, ಮಕ್ಕಳು ಹಟ್ಟಿಯಿಂದ ದೂರ. ಆಮಿಷ್ ಶಾಲಾಮಕ್ಕಳಲ್ಲಿ ಆಸ್ತಮಾ ಶೇಕಡಾ 5.2, ಹಟರೈಟರಲ್ಲಿ 21.3. ಆಮಿಷರ ಮನೆಯ ಧೂಳನ್ನು ಇಲಿಗಳ ಮೂಗಿಗೆ ಹಾಕಿದಾಗ ಅವೂ ಆಸ್ತಮಾದಿಂದ ಪಾರಾದವು. ಟೋಲ್ ಗ್ರಾಹಕಗಳ ಸಂದೇಶ ಕೆಲಸ ಮಾಡದ ಇಲಿಗಳಲ್ಲಿ ಈ ರಕ್ಷಣೆ ಸಿಗಲಿಲ್ಲ.

ಇದನ್ನು ಕೊಳಕೇ ಲೇಸು ಎಂದು ಓದಿಕೊಂಡರೆ ದೊಡ್ಡ ತಪ್ಪಾದೀತು. ದಡಾರ, ಕಾಲರಾ, ಟೈಫಾಯ್ಡ್ ಯಾವ ಮಗುವಿಗೂ ಪಾಠ ಕಲಿಸುವುದಿಲ್ಲ, ಕೊಲ್ಲುತ್ತವೆ. ಶುದ್ಧ ನೀರು, ಶೌಚಾಲಯ, ಸಾಬೂನು, ಲಸಿಕೆಗಳು ಉಳಿಸಿದಷ್ಟು ಜೀವ ಬೇರಾವುದೂ ಉಳಿಸಿಲ್ಲ. ಮಣ್ಣಿನ, ಹಟ್ಟಿಯ, ಮನೆಮಂದಿಯ ನಿರಪಾಯ ಸೂಕ್ಷ್ಮಜೀವಿಗಳ ಒಡನಾಟವೇ ಬೇರೆ, ಚರಂಡಿ ನೀರೇ ಬೇರೆ.

ನಮ್ಮ ಮನೆಬಾಗಿಲಲ್ಲಿ

ಈ ಚರಿತ್ರೆಯ ಒಂದು ಅಧ್ಯಾಯ ನಮ್ಮ ದೇಶದಲ್ಲೇ ಬರೆಯಲ್ಪಟ್ಟಿದೆ. ಒಡಿಶಾದ ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ಮತ್ತವರ ತಂಡ 4,556 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟೇರಮ್ ಎಂಬ ಬ್ಯಾಕ್ಟೀರಿಯಾವನ್ನೂ ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯನ್ನೂ ಬಾಯಿಗೆ ಹಾಕಿದರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ರಕ್ತನಂಜು ಅಥವಾ ಸಾವಿಗೆ ತುತ್ತಾದ ಶಿಶುಗಳ ಪ್ರಮಾಣ ಮದ್ದಿಲ್ಲದ ಗುಂಪಿನಲ್ಲಿ ಶೇಕಡಾ 9, ಮದ್ದು ಪಡೆದ ಗುಂಪಿನಲ್ಲಿ 5.4. ಪರೀಕ್ಷೆಗೊಳಗಾದವು ದಿನ ತುಂಬಿ ಅಥವಾ ಬಹುತೇಕ ತುಂಬಿ ಹುಟ್ಟಿದ, ತಾಯಿಯ ಹಾಲು ಕುಡಿಯುತ್ತಿದ್ದ ಶಿಶುಗಳೆಂಬುದನ್ನು ಮರೆಯಬಾರದು. ದಿನ ತುಂಬದ ಕೂಸುಗಳಲ್ಲಿ ಇಂಥ ಬ್ಯಾಕ್ಟೀರಿಯಾಗಳೇ ಅಪರೂಪಕ್ಕೆ ರಕ್ತ ಸೇರಿ ಅಪಾಯ ತಂದದ್ದುಂಟು.

ಯಾವ ಅಂಗಡಿಯಲ್ಲೂ ಕೊಳ್ಳಬೇಕಿಲ್ಲದ ಮದ್ದೊಂದಿದೆ. ತಾಯಿಯ ಹಾಲಿನಲ್ಲಿ ಮಗು ಜೀರ್ಣಿಸಿಕೊಳ್ಳಲಾರದ ಕೆಲವು ಸಕ್ಕರೆಗಳು ಹೇರಳವಾಗಿವೆ. ಜೀರ್ಣವಾಗದ್ದನ್ನು ಪ್ರಕೃತಿ ಏಕೆ ಇಟ್ಟಿತು? ಅವು ಮಗುವಿನ ಕರುಳಿನ ಬೈಫಿಡೊ ಬ್ಯಾಕ್ಟೀರಿಯಾಗಳಿಗೆ ಇಟ್ಟ ಊಟ. ಹೆರಿಗೆಯ ಮೊದಲ ದಿನಗಳ ಹಳದಿ ಮಂದ ಹಾಲಿನಲ್ಲಿ ಮೇಲೆ ಹೇಳಿದ ಐಜಿಎ ಪ್ರತಿಕಾಯ ತುಂಬಿರುತ್ತದೆ. ಮಗುವಿನ ಕರುಳಿಗೆ ಕಾವಲೂ ಒಕ್ಕಲೂ ಒಂದೇ ಗುಟುಕಿನಲ್ಲಿ ಬರುತ್ತವೆ. ಆ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ ಜೇನುತುಪ್ಪ ನೆಕ್ಕಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ ಅದು. ಅದನ್ನು ನಯವಾಗಿ ತಿಳಿಹೇಳಿ ನಿಲ್ಲಿಸುವ ಹೊಣೆ ಓದಿದವರದು.

ಇನ್ನೊಂದು ಹೊಣೆ ಔಷಧಿ ಅಂಗಡಿಯ ಮುಂದೆ ನಿಂತಾಗಿನದು. ನೆಗಡಿಯಾದರೆ, ವೈರಸ್ಸಿನಿಂದ ಜ್ವರ ಬಂದರೆ, ಆಂಟಿಬಯೊಟಿಕ್ ಮಾತ್ರೆಯಿಂದ ಪ್ರಯೋಜನವಿಲ್ಲ. ಸಾಯುವುದು ಒಕ್ಕಲು ಮಾತ್ರ. ಬದುಕುಳಿಯುವುದು ಮದ್ದಿಗೆ ಬಗ್ಗದ ಜಾತಿ. 2014ರ ಮಾರ್ಚಿನಿಂದ ಕೆಲವು ಪ್ರಬಲ ಆಂಟಿಬಯೊಟಿಕ್‌ಗಳನ್ನು ವೈದ್ಯರ ಚೀಟಿಯಿಲ್ಲದೆ, ದಾಖಲೆಯಿಲ್ಲದೆ ಮಾರಬಾರದೆಂಬ ನಿಯಮ ದೇಶದಲ್ಲಿದೆ. ನಿಯಮ ಕಾಗದದಿಂದ ಇಳಿದು ಬರಬೇಕಾದರೆ ಕೊಳ್ಳುವವರೂ 'ಎರಡು ಮಾತ್ರೆ ಕೊಡಿ, ಸಾಕು' ಎನ್ನುವುದನ್ನು ಬಿಡಬೇಕು. ವೈದ್ಯರು ಬರೆದುಕೊಟ್ಟಾಗ ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ಮದ್ದನ್ನು ಕಂಡು ಹೆದರುವುದೂ ಬೇಡ, ಮಿಠಾಯಿಯಂತೆ ಬಳಸುವುದೂ ಬೇಡ.

ಅಂದಹಾಗೆ, ಮೊಸರಿನ ಬ್ಯಾಕ್ಟೀರಿಯಾಗಳು ನಮ್ಮ ಕರುಳಿನಲ್ಲಿ ಕಾಯಂ ಬೀಡುಬಿಡುವುದಿಲ್ಲ. ನೆಂಟರಂತೆ ಬಂದು ಹೋಗುತ್ತವೆ. ಅದರಿಂದ ಮೊಸರನ್ನಕ್ಕೇನೂ ಕುಂದಿಲ್ಲ. ಮುಪ್ಪನ್ನು ಮಾತ್ರ ಅದು ತಡೆಯಲಾರದು.

ಮೆಸ್ಸಿನಾದ ಮುಂಜಾವಿನಲ್ಲಿ ಮೆಚ್ನಿಕಾಫ್ ಕಂಡದ್ದು ನಿಜವೇ ಆಗಿತ್ತು. ಮುಳ್ಳು ಚುಚ್ಚಿದರೆ ಕಾವಲಿನ ಕೋಶಗಳು ಓಡಿಬರುತ್ತವೆ. ಅವನ ಕಣ್ಣಿಗೆ ಬೀಳದೆ ಹೋದದ್ದು ಮುಳ್ಳಿಲ್ಲದ ದಿನಗಳ ಕೆಲಸ. ಆ ದಿನಗಳಲ್ಲಿ ಅದೇ ವ್ಯವಸ್ಥೆ ಲಕ್ಷಾಂತರ ಕೋಟಿ ಒಕ್ಕಲುಗಳ ನಡುವೆ ಬೇಲಿ ಕಟ್ಟುತ್ತ, ಗುರುತು ಹಿಡಿಯುತ್ತ, ತಾಳಿಕೊಳ್ಳುತ್ತ ಇರುತ್ತದೆ. ನಮ್ಮ ಆಯುಷ್ಯದ ಬಹುಪಾಲು ದಿನಗಳು ಅಂಥವೇ.